ಎಜೋಕು ತಾತ ಹೇಳಿದ ಹೆಸರುಗಳು

ಬೆಳಿಗ್ಗೆ ಎದ್ದಾಗ ಎಜೋಕು ತಾತನ ಕೈ ನಡುಗುತ್ತಿತ್ತು. ನೀರಿನ ಲೋಟ ಹಿಡಿದರೆ ಅರ್ಧ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಹಣೆಯ ತುಂಬ ಬೆವರು. ಅಂಗಳದಲ್ಲಿ ಕೋಳಿ ರೆಕ್ಕೆ ಬಡಿದರೂ ಬೆಚ್ಚಿ ಬೀಳುತ್ತಿದ್ದ. ಆಗ ಸೊಸೆ ಅಸೆಕೆನ್ಯೆ ಲೋಟದಲ್ಲಿ ವರಗಿ ಸಾರಾಯಿ ತಂದು, ತಾನೇ ಹಿಡಿದು ಕುಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಡುಕ ನಿಲ್ಲುತ್ತಿತ್ತು. ಆಮೇಲೆ ತಾತ ಮಾತಾಡುತ್ತಿದ್ದ, ಗೇಲಿ ಮಾಡುತ್ತಿದ್ದ, ರಾಗಿ ಮುದ್ದೆಯನ್ನು ಎರಡು ತುತ್ತು ಮುರಿದು ತಿನ್ನುತ್ತಿದ್ದ.

"ವಯಸ್ಸಾಯ್ತಲ್ಲ," ಎಂದು ಮನೆಯವರು ಅಂದುಕೊಂಡಿದ್ದರು. ಟೆಸೋ ಸೀಮೆಯ ಯಾವ ಊರಿನಲ್ಲಿ ಇಂಥ ಮುದುಕರಿಲ್ಲ?

ಆ ಮನೆಯಲ್ಲಿ ಅಸೆಕೆನ್ಯೆಗೆ ಗಂಡುಮಗು ಹುಟ್ಟಿತ್ತು. ಭಾನುವಾರ ಹೆಸರಿಡಬೇಕು. ರಾಗಿಯಿಂದ ಮಾಡಿದ ಅಜೋನ್ ಬಿಯರಿನಲ್ಲಿ ಹಿರಿಯರು ಬೆರಳದ್ದಿ ಮಗುವಿನ ತುಟಿಗೆ ಮುಟ್ಟಿಸುತ್ತಾರೆ, ಸತ್ತುಹೋದ ಬಂಧುವೊಬ್ಬರ ಹೆಸರು ಹೇಳುತ್ತಾರೆ. ಮಗು ಬೆರಳು ಚೀಪಿದರೆ ಆ ಹೆಸರು ನಿಂತಿತು. ಮುಖ ತಿರುಗಿಸಿದರೆ ಇನ್ನೊಂದು ಹೆಸರು ಹೇಳಬೇಕು. ಆ ಹೆಸರುಗಳೆಲ್ಲ ಗೊತ್ತಿದ್ದದ್ದು ಎಜೋಕುವಿಗೆ ಮಾತ್ರ. ಬಂದೂಕು ಹಿಡಿದ ದನಗಳ್ಳರು ಬಂದ ವರ್ಷ ಅವನ ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು ಎಲ್ಲ ಹೋಗಿದ್ದರು. ಹಟ್ಟಿ ಖಾಲಿಯಾಗಿತ್ತು. ಅವನ ಕುಡಿತ ಹೆಚ್ಚಿದ್ದೂ ಆಗಲೇ.

ಆ ವರ್ಷ ಇನ್ನೂ ಹಾಲುಗೂಸಾಗಿದ್ದ ಮಗ ಓಲುಪೊಟ್, ಅಸೆಕೆನ್ಯೆಯ ಗಂಡ, ಈಗ ಇಟ್ಟಿಗೆ ಸುಡುವ ಕೆಲಸದವನು. ಅವನಿಗೆ ಒಂದೇ ಚಿಂತೆ. ದೊಡ್ಡ ಮಗಳ ಹೆಸರಿಡುವ ದಿನ ಅಪ್ಪ ಕುಡಿದು, ಗಡಿಗೆಯ ಮೇಲೆಯೇ ಉರುಳಿಬಿದ್ದಿದ್ದ. ಹೆಂಡತಿಯ ಕಡೆಯವರು ಇವತ್ತಿಗೂ ಅದನ್ನು ಆಡಿಕೊಂಡು ನಗುತ್ತಾರೆ.

ಗುರುವಾರ ಬಾಣಂತಿಯನ್ನೂ ಮಗುವನ್ನೂ ನೋಡಲು ಆರೋಗ್ಯ ಕೇಂದ್ರದ ನರ್ಸ್ ಅಚೋಮ್ ಬಂದಳು. ಅಸೆಕೆನ್ಯೆಯ ಜೊತೆ ಶಾಲೆಯಲ್ಲಿ ಓದಿದವಳು. ಮಾವಿನ ಮರದ ಕೆಳಗೆ ಅಜೋನ್ ಗಡಿಗೆ ಇಟ್ಟುಕೊಂಡು ಎಜೋಕುವೂ, ದನಗಳ್ಳರಿಗೆ ಹೆದರಿ ಬೇರೆ ಊರಿನಿಂದ ಓಡಿಬಂದು ಇಲ್ಲೇ ನೆಲೆಸಿದ ಅವನ ಗೆಳೆಯ ಓಕೋಡೆಟ್‌ನೂ ಉದ್ದನೆಯ ಕೊಳವೆಗಳಲ್ಲಿ ಹೀರುತ್ತಿದ್ದರು. ಓಲುಪೊಟ್ ಅಲ್ಲೇ ಸೈಕಲ್ ಒರೆಸುತ್ತಿದ್ದ.

"ನಿನ್ನ ಮಾವನಿಗೆ ಬೆಳಿಗ್ಗೆ ಏನು ಕೊಡ್ತೀಯೇ?" ಎಂದು ಅಚೋಮ್ ಕೇಳಿದಳು.

"ವರಗಿ. ಔಷಧಿ ತರ, ಒಂದೇ ಗುಟುಕು."

"ಒಂದೇ ಗುಟುಕಾ?"

ಅಸೆಕೆನ್ಯೆ ತಲೆ ತಗ್ಗಿಸಿದಳು. "ಮೊದ್ಲು ಗುಟುಕಿತ್ತು. ಈಗ ಲೋಟ."

"ಏ ಡಾಕ್ಟ್ರಮ್ಮ," ಓಕೋಡೆಟ್ ಕೂಗಿದ, "ಗಡಿಗೆ ಹತ್ರ ಬಂದೋರು ಕೊಳವೆ ಹಿಡಿದು ಕೂತ್ಕೋಬೇಕು. ಪಾಠ ಹೇಳಬಾರ್ದು!"

"ಕೂತ್ಕೊಳ್ತೀನಿ ಚಿಕ್ಕಪ್ಪ. ಎಲ್ಲಿ, ನಿಮ್ಮ ಕೈ ಚಾಚಿ ನೋಡೋಣ."

ಓಕೋಡೆಟ್ ಚಾಚಿದ ಕೈ ನಡುಗಿತು. "ನಿನ್ನಂಥೋಳು ಹತ್ರ ಬಂದು ಕೂತ್ರೆ ಯಾವ ಗಂಡಸಿನ ಕೈ ನಡುಗಲ್ಲ?" ಎಂದ. ಎಲ್ಲರೂ ನಕ್ಕರು. ಅಚೋಮ್ ಕೂಡ ನಕ್ಕಳು. ಆದರೆ ಎದ್ದು ಹೋಗಲಿಲ್ಲ.

"ನಮ್ಮ ತಲೆಯೊಳಗೆ ಒಬ್ಬ ಕಾವಲುಗಾರ ಇದ್ದಾನೆ ಅಂದ್ಕೊಳ್ಳಿ. ಅಪಾಯ ಬಂದ್ರೆ ಕೂಗ್ತಾನೆ. ಎದೆ ಹೊಡ್ಕೊಳ್ಳುತ್ತೆ, ಮೈ ಬೆವರುತ್ತೆ, ಓಡೋಕೆ ಕಾಲಿಗೆ ಬಲ ಬರುತ್ತೆ. ದನಗಳ್ಳರು ಬಂದಾಗ ನಿಮ್ಮಿಬ್ಬರನ್ನ ಓಡಿಸಿ ಉಳಿಸಿದ್ದು ಅವನೇ. ಅಪಾಯ ಕಳೆದ್ಮೇಲೆ 'ಸಾಕು, ಸುಮ್ನಿರು' ಅನ್ನೋಕೆ ಅಲ್ಲೇ ಇನ್ನೊಬ್ಬ ಇದ್ದಾನೆ. ನೆನಪು ಕಾಯೋನೂ ಅವನೇ."

"ಮತ್ತೆ ಕುಡಿತ?" ಎಂದ ಓಲುಪೊಟ್.

"ಅದು ಕಾವಲುಗಾರನ ಬಾಯಿ ಮುಚ್ಚುತ್ತೆ. ಅದಕ್ಕೇ ಹಾಯ್ ಅನ್ಸೋದು. ಆದ್ರೆ ದಿನಾ ಮುಚ್ತಾ ಇದ್ರೆ ಅವನು ಇನ್ನೂ ಜೋರಾಗಿ ಕೂಗೋದು ಕಲೀತಾನೆ. ಕೊನೆಗೆ ಬೆಳಿಗ್ಗೆ ಅಮಲು ಇಳಿದ್ರೆ ಸಾಕು. ಕಳ್ಳರಿಲ್ಲ, ಬಂದೂಕಿಲ್ಲ, ಆದ್ರೂ ಕೂಗು. ಅಷ್ಟು ಹೊತ್ತಿಗೆ ಮನುಷ್ಯ ಖುಷಿಗೆ ಕುಡೀತಿರಲ್ಲ, ಹೆದರಿ ಕುಡೀತಿರ್ತಾನೆ."

ಎಜೋಕು ಕೊಳವೆಯಿಂದ ಬಾಯಿ ತೆಗೆದ. "ಅದು ನಿಜ ಕಣಮ್ಮ," ಎಂದ, ಮೆಲ್ಲಗೆ.

"ವಯಸ್ಸಾದ ಮೇಲೆ 'ಸಾಕು' ಅನ್ನೋನಿಗೂ ಶಕ್ತಿ ಕಮ್ಮಿ. ವರ್ಷಗಟ್ಟಲೆ ಆ ಕೂಗು ಕೇಳಿ ಸವೆದಿರ್ತಾನೆ. ಮೈಯಲ್ಲಿ ನೀರೂ ಕಮ್ಮಿಯಾಗಿರುತ್ತೆ. ಮೊದ್ಲು ತಡ್ಕೊಂಡಷ್ಟೇ ಕುಡಿದ್ರೂ ಈಗ ತಡ್ಕೊಳಲ್ಲ."

"ಹಾಗಾದ್ರೆ ಅಪ್ಪನ ನಡುಕ ವಯಸ್ಸಿಂದಲ್ವಾ?"

"ಎಷ್ಟು ವಯಸ್ಸಿಂದು, ಎಷ್ಟು ಕುಡಿತದ್ದು ಅಂತ ಬರೀ ನೋಡಿ ಹೇಳೋಕೆ ನನಗೂ ಬರಲ್ಲ. ಆದ್ರೆ ಕುಡಿದ್ರೆ ನಿಲ್ಲೋ ನಡುಕಾನ ವಯಸ್ಸು ಅಂತ ಬಿಟ್ಟುಬಿಡೋ ಹಾಗಿಲ್ಲ."

ಓಲುಪೊಟ್ ಬಟ್ಟೆ ಬಿಸಾಡಿ ಎದ್ದ. "ಸರಿ. ಇವತ್ತಿಂದ ಒಂದು ಹನಿ ಇಲ್ಲ. ಭಾನುವಾರ ಬಿದ್ದವನ ಹಾಗಲ್ಲ, ಯಜಮಾನನ ಹಾಗೆ ನಿಂತು ಹೆಸರು ಹೇಳ್ಲಿ."

"ಹಾಗೆ ಮಾಡ್ಬೇಡ!" ಅಚೋಮ್‌ಳ ದನಿ ಏರಿತು. "ಮುಚ್ಚಿದ ಕೈ ಒಮ್ಮೆಲೇ ತೆಗೆದ್ರೆ ಆ ಕೂಗು ಮೈಯನ್ನೇ ಮುರಿಯುತ್ತೆ. ಫಿಟ್ಸ್ ಬರಬಹುದು. ಬುದ್ಧಿ ಕೆಡಬಹುದು. ಜೀವಾನೇ ಹೋಗಬಹುದು. ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಬಾ. ಮಾತ್ರೆ ಕೊಟ್ಟು, ವಿಟಮಿನ್ ಇಂಜೆಕ್ಷನ್ ಹಾಕಿ, ಕಣ್ಣಿಟ್ಟು ನೋಡ್ಕೊಂಡು ಬಿಡಿಸ್ತಾರೆ. ಅಲ್ಲಿಗೆ ಬರೋವರೆಗೆ ನೀವಾಗೇ ನಿಲ್ಲಿಸ್ಬೇಡಿ. ಹೆಸರಿಡೋದು ಮುಂದಿನ ತಿಂಗಳು ಇಟ್ಕೊ."

"ಅತ್ತೆ ಮನೆಗೆ ಹೇಳಿ ಕಳಿಸಿಯಾಯ್ತು. ಕುಡಿದು ಸತ್ತೋರನ್ನ ನೋಡಿದ್ದೀನಿ ತಾಯಿ. ಬಿಟ್ಟು ಸಾಯ್ತಾರೆ ಅಂತ ನಿನ್ನ ಬಾಯಲ್ಲೇ ಕೇಳಿದ್ದು."

ಓಕೋಡೆಟ್ ತೊಡೆ ತಟ್ಟಿ ನಕ್ಕ. "ಹೇಳಿಲ್ವಾ ನಾನು! ಬಿಡೋದೇ ಅಪಾಯ!"

ಅಚೋಮ್ ಮತ್ತೆ ಮತ್ತೆ ಹೇಳಿ ಹೋದಳು. ಅವಳು ಹೋದ ಮೇಲೆ ಓಲುಪೊಟ್ ಅಪ್ಪನನ್ನು ಗುಡಿಸಲಿನೊಳಗೆ ಕೂರಿಸಿ, ನೀರು, ಮುದ್ದೆ, ಕಡಲೆಕಾಯಿ ಸಾರು ಇಟ್ಟು, ಹೊರಗಿನಿಂದ ಬೀಗ ಹಾಕಿದ. ದ್ವೇಷದಿಂದ ಅಲ್ಲ. ಅಪ್ಪನ ಮಾನ ಉಳಿಸಬೇಕೆಂದು.

ಶುಕ್ರವಾರ ಊಟ ಮುಟ್ಟದೆ ಹಾಗೇ ಇತ್ತು. ಶನಿವಾರ ಬೆಳಿಗ್ಗೆ ಒಳಗಿನಿಂದ ಎಜೋಕು ಕೂಗತೊಡಗಿದ: "ಮಗಳೇ, ಬಾಗಿಲು ತೆಗಿ! ಬರ್ತಿದ್ದಾರೆ, ದನ ಬಿಚ್ಚು! ಮಕ್ಕಳನ್ನ ಹುಲ್ಲೊಳಗೆ ಮಲಗ್ಸು!"

ಅಸೆಕೆನ್ಯೆ ಬಾಗಿಲ ಹತ್ತಿರ ಹೋದಳು. "ನಾಟಕ," ಎಂದ ಓಲುಪೊಟ್. "ಇವತ್ತೊಂದು ದಿನ ಗಟ್ಟಿಯಾಗಿರು." ಅವಳು ಹಿಂದೆ ಬಂದಳು. ಮಧ್ಯಾಹ್ನ ಕೂಗು ನಿಂತಿತು. ಧಡ್ ಎಂದು ಏನೋ ಬಿದ್ದ ಸದ್ದು. ಬೀಗ ತೆಗೆದಾಗ ಎಜೋಕು ನೆಲದ ಮೇಲೆ ಸೆಟೆದು ಒದ್ದಾಡುತ್ತಿದ್ದ. ಬಾಯಲ್ಲಿ ನೊರೆ, ರಕ್ತ.

ಓಕೋಡೆಟ್ ಅಜೋನ್ ತಂದು ಬಾಯಿಗೆ ಹಾಕಲು ಓಡಿಬಂದ. ಯಾರೋ ಹಲ್ಲಿನ ನಡುವೆ ಚಮಚ ತುರುಕಲು ಹೋದರು. ಅಷ್ಟರಲ್ಲಿ, ಕೂಗು ನಿಂತೊಡನೆ ಅಸೆಕೆನ್ಯೆ ಮಾಡಿದ್ದ ಫೋನಿಗೆ ಬೈಕಿನಲ್ಲಿ ಬಂದಿಳಿದ ಅಚೋಮ್ ಇಬ್ಬರನ್ನೂ ತಳ್ಳಿದಳು. "ಬಾಯಿಗೆ ಏನೂ ಹಾಕ್ಬೇಡಿ! ಪಕ್ಕಕ್ಕೆ ಹೊರಳಿಸಿ. ಗಾಳಿ ಬಿಡಿ." ಒದ್ದಾಟ ನಿಂತ ಮೇಲೆ, ಅದೇ ಬೈಕಿನಲ್ಲಿ ಮಗ ಹಿಂದಿನಿಂದ ಅಪ್ಪಿ ಹಿಡಿದುಕೊಂಡು ಎಜೋಕುವನ್ನು ಆರೋಗ್ಯ ಕೇಂದ್ರಕ್ಕೆ ಸಾಗಿಸಿದರು.

ಜೀವ ಉಳಿಯಿತು. ಕೆಲವು ವಾರಗಳ ನಂತರ ಅವನು ಮನೆಗೆ ಬಂದ. ಕೈ ನಡುಗುತ್ತಿರಲಿಲ್ಲ. ಬಟ್ಟೆ ಶುಭ್ರ, ಮುಖ ಶಾಂತ. ಮುಂದೂಡಿದ್ದ ಶಾಸ್ತ್ರ ಇಟ್ಟುಕೊಂಡರು. ಅಪ್ಪನಿಗೆ ಅಜೋನ್ ಮುಟ್ಟಿಸಬಾರದೆಂದು ಓಲುಪೊಟ್ ತಾನೇ ಬೆರಳದ್ದಿ ಮಗುವಿನ ತುಟಿಗೆ ಹಿಡಿದ.

"ಹೇಳಪ್ಪ. ನಿನ್ನ ಅಣ್ಣನ ಹೆಸರು."

"ಎಲುಂಗಾಟ್," ಎಂದ ಎಜೋಕು, ಸ್ಪಷ್ಟವಾಗಿ. "ಎತ್ತರದ ಆಳು. ಕೆಂಪು ಹೋರಿ ಇತ್ತು ಅವನ ಹತ್ರ."

ಮಗು ಬೆರಳು ಚೀಪಿತು. ಹೆಂಗಸರು ಹರ್ಷದಿಂದ ಕೂಗಿದರು. ಓಲುಪೊಟ್ ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಅವನು ಅಪ್ಪನ ಪಕ್ಕ ಕೂತು, "ಎಲುಂಗಾಟ್ ದೊಡ್ಡಪ್ಪನ ಬಗ್ಗೆ ಇನ್ನೂ ಹೇಳಪ್ಪ," ಎಂದ.

"ಯಾವ ಎಲುಂಗಾಟ್? ನಮ್ಮಣ್ಣ ಅಪೆಡೆಲ್. ಕುಳ್ಳ. ಮೀನು ಹಿಡೀತಿದ್ದ." ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಮತ್ತೊಂದು ಹೆಸರು, ಮತ್ತೊಂದು ಕಥೆ. ಪ್ರತಿಯೊಂದನ್ನೂ ಅಷ್ಟೇ ನಂಬಿಕೆಯಿಂದ ಹೇಳುತ್ತಿದ್ದ. ಆಮೇಲೆ ಮಗನನ್ನು ನೋಡಿ ವಿನಯದಿಂದ ವಿಚಾರಿಸಿದ: "ನೀವು ಯಾರ ಮನೆಯವರು?"

"ಯಾಕೆ ಸುಳ್ಳು ಹೇಳ್ತಾನೆ?" ಓಲುಪೊಟ್ ಅಚೋಮ್‌ಳನ್ನು ಕೇಳಿದ.

"ಸುಳ್ಳಲ್ಲ ಅಣ್ಣ. ನೆನಪಿದ್ದ ಜಾಗ ಖಾಲಿಯಾಗಿದೆ. ಆ ತೂತನ್ನ ಮಿದುಳು ತಾನೇ ಏನೋ ಒಂದು ಕಟ್ಟಿ ಮುಚ್ಚುತ್ತೆ. ಅವರಿಗೆ ಗೊತ್ತೇ ಆಗಲ್ಲ."

"ನಾನು ಬೀಗ ಹಾಕಿದ್ದಕ್ಕಾ?"

"ವರ್ಷಾನುಗಟ್ಟಲೆ ಊಟ ಬಿಟ್ಟು ಕುಡಿದದ್ದು ತಳ ಕೊರೆದಿತ್ತು. ಆ ಮೂರು ದಿನ ಕುಸಿಯೋ ಹಾಗೆ ಮಾಡ್ತು."

"ಗುರುವಾರಾನೇ ಕರ್ಕೊಂಡು ಬಂದಿದ್ರೆ?"

"ಉಳೀತಿತ್ತೇನೋ. ಖಂಡಿತ ಅಂತ ಹೇಳಲಾರೆ."

"ವಾಪಸ್ ಬರುತ್ತಾ?"

"ಕುಡಿಯದೆ, ಚೆನ್ನಾಗಿ ತಿಂದ್ರೆ ಕೆಲವರಿಗೆ ಸ್ವಲ್ಪ ಬರುತ್ತೆ. ಇವರಿಗೆ... ಇಷ್ಟು ವಯಸ್ಸಿಗೆ..."

ಓಕೋಡೆಟ್ ಗೆಳೆಯನ ಎದುರು ಬಂದು ಕೂತ. ನಲವತ್ತು ವರ್ಷ ಒಂದೇ ಗಡಿಗೆಯಲ್ಲಿ ಕುಡಿದವನನ್ನು ಎಜೋಕು ಗುರುತಿಸಲಿಲ್ಲ. ಓಕೋಡೆಟ್ ಈ ಸಲ ಯಾವ ಗೇಲಿಯೂ ಮಾಡಲಿಲ್ಲ. "ನಾಳೆ ನನ್ನನ್ನೂ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗ್ತೀಯೇನೋ?" ಎಂದು ಓಲುಪೊಟ್‌ನನ್ನು ಕೇಳಿದ. ಓಲುಪೊಟ್ ಕರೆದುಕೊಂಡು ಹೋದ. ಓಕೋಡೆಟ್‌ನ ನಡುಕ ಈಗ ಕಮ್ಮಿಯಾಗಿದೆ. ಭಯ ಪೂರ್ತಿ ಹೋಗಿಲ್ಲ. ಸಂಜೆಯಾದರೆ ಬಂದು ಗೆಳೆಯನ ಪಕ್ಕ ಸುಮ್ಮನೆ ಕೂರುತ್ತಾನೆ.

ಆ ಮಗುವನ್ನು ಎಲುಂಗಾಟ್ ಎಂದೇ ಕರೆಯುತ್ತಾರೆ. ಅಂಥ ಒಬ್ಬ ಮನುಷ್ಯ ಆ ಮನೆಯಲ್ಲಿ ಎಂದಾದರೂ ಬದುಕಿದ್ದನೇ ಎಂಬುದು ಯಾರಿಗೂ ತಿಳಿಯದು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಹಿರಿಯರ ಕೈಯನ್ನು ನಾಳೆ ಬೆಳಿಗ್ಗೆ ನೋಡಿ. ನಡುಕ, ಬೆವರು, ಕಾರಣವಿಲ್ಲದ ಭಯ, ಒಂದು ಗುಟುಕು ಬಿದ್ದರೆ ಮಾತ್ರ ಸಮಾಧಾನ: ಇದನ್ನು ವಯಸ್ಸು ಎಂದು ತಳ್ಳಿಹಾಕಬೇಡಿ. ಔಷಧಿಯೆಂದು ಲೋಟ ಕೊಡುತ್ತಾ ಹೋಗಬೇಡಿ. ಸಿಟ್ಟಿನಿಂದಾಗಲಿ ಪ್ರೀತಿಯಿಂದಾಗಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ, ಎಷ್ಟು ಕುಡಿಯುತ್ತಾರೆಂದು ನಾಚದೆ ಹೇಳಿ. ಮದುವೆ, ಹಬ್ಬ, ನೆಂಟರು ಎಲ್ಲ ಕಾಯಬಹುದು. ತಡವಾದರೂ ನಿಮ್ಮ ಹಿರಿಯರು ಉಳಿಯಬಹುದು, ಕೇಳಿದ್ದಕ್ಕೆಲ್ಲ ಉತ್ತರವನ್ನೂ ಕೊಡಬಹುದು. ಆದರೆ ಆ ಉತ್ತರ ನಿಜವೇ ಎಂದು ಹೇಳಲು ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ.