ಕೆಟ್ಟಿರಲೇಬೇಕಾದ ತಕ್ಕಡಿ

1998ರ ಜುಲೈ 22, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕಸ್ಟಮ್ಸ್ ಅಧಿಕಾರಿ ರೇವಣಸಿದ್ದಯ್ಯ ವಿಶ್ವೇಶ್ವರಪುರಂನ ನಮ್ಮ ಲ್ಯಾಬಿನ ಮೆಟ್ಟಿಲು ಹತ್ತಿ ಬಂದರು. ಕಾಫಿ ಬೇಡವೆಂದರು. ಕುರ್ಚಿಯನ್ನೂ ಬೇಡವೆಂದರು.

"ಯಮುನಾ ಅಂದ್ರೆ ನೀವೇನಾ? ಎಲ್ಲಿ ಆ ಕೆಟ್ಟಿರೋ ತಕ್ಕಡಿ?"

ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿದ್ದವು. ಒಂದು ಜರ್ಮನಿಯಿಂದ ಬಂದದ್ದು. ಅದಕ್ಕೆ ಕಸ್ಟಮ್ಸ್ ಇಲಾಖೆಯ ಅರಗಿನ ಮುದ್ರೆ ಬಿದ್ದಿತ್ತು, ರೇವಣಸಿದ್ದಯ್ಯನವರ ಎದುರಿಗಲ್ಲದೆ ಅದನ್ನು ತೆರೆಯುವಂತಿರಲಿಲ್ಲ. ಇನ್ನೊಂದು, ಚಾಮರಾಜಪೇಟೆಯಲ್ಲಿ ಮೆಷೀನು ರಿಪೇರಿ, ಪ್ಯಾಕಿಂಗ್ ಎರಡೂ ಮಾಡುವ ಪುಟ್ಟಯ್ಯ ಮಾಡಿದ ಮರದ ಪೆಟ್ಟಿಗೆ. ಅರ್ಧ ಗಂಟೆ ಮುಂಚೆ ಅವನೇ ಹೊತ್ತು ತಂದು ಇಳಿಸಿ, ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ನಿಂತಿದ್ದ.

ನಾವು ಔಷಧಿ ಮಾತ್ರೆಗಳನ್ನು ಪರೀಕ್ಷಿಸುವವರು. ಮಿಲಿಗ್ರಾಂನ ಹತ್ತನೇ ಒಂದು ಭಾಗದವರೆಗೆ ತೂಗುವ ತಕ್ಕಡಿ ಇಲ್ಲದೆ ಯಾವ ವರದಿಗೂ ಸಹಿ ಹಾಕುವಂತಿಲ್ಲ. ಇದ್ದ ಒಂದೇ ತಕ್ಕಡಿ ಮೇ ತಿಂಗಳಲ್ಲಿ ನಿಂತುಹೋಯಿತು. ವಾರಂಟಿ ಇನ್ನೂ ಹತ್ತು ತಿಂಗಳಿತ್ತು. ಕಂಪನಿಯವರು ಹೊಸದನ್ನು ಕೊಡಲಿಲ್ಲ. ಬೇರೆ ಯಾರೋ ವಾಪಸು ಕೊಟ್ಟಿದ್ದನ್ನು ಬಿಚ್ಚಿ, ಸರಿಮಾಡಿ, ಮತ್ತೆ ಸೀಲು ಹಾಕಿ, ನಿಖರತೆಯ ಪ್ರಮಾಣಪತ್ರದೊಂದಿಗೆ ಕಳಿಸಿದರು. ಬಳಸಿದ ಯಂತ್ರ ಲೈಸೆನ್ಸಿಲ್ಲದೆ ದೇಶದೊಳಗೆ ಬರಬೇಕಾದರೆ ಅದು ಕೆಟ್ಟದ್ದೊಂದರ ಜಾಗಕ್ಕೇ ಬರಬೇಕು. ಕೆಟ್ಟದ್ದು ಹೊರಗೆ ಹೋಗಬೇಕು, ಇಲ್ಲವೇ ಅಧಿಕಾರಿಯ ಮುಂದೆ ನಾಶವಾಗಬೇಕು. ವಾಪಸು ಕಳಿಸಲೆಂದೇ ನಾನು ಹಳೆಯದನ್ನು ಪೆಟ್ಟಿಗೆ ಮಾಡಲು ಪುಟ್ಟಯ್ಯನಿಗೆ ಕೊಟ್ಟಿದ್ದೆ. ಆಮೇಲೆ ಕಂಪನಿಯವರು, ಸಾಗಣೆಯ ಖರ್ಚು ದಂಡ, ಅಲ್ಲೇ ನಾಶಮಾಡಿ ಎಂದು ಬರೆದರು.

ಶುಕ್ರವಾರ ನಮ್ಮ ಲ್ಯಾಬಿನ ಮಾನ್ಯತೆಯ ತಪಾಸಣೆ ಇತ್ತು. ಸೀಲು ಮತ್ತು ಪ್ರಮಾಣಪತ್ರ ಇರುವ ತಕ್ಕಡಿಯನ್ನು ತೋರಿಸದಿದ್ದರೆ ಮಾನ್ಯತೆ ರದ್ದಾಗುತ್ತಿತ್ತು. ಅಂದರೆ ಬಾಗಿಲು ಮುಚ್ಚುವುದೇ.

ರೇವಣಸಿದ್ದಯ್ಯ ಮರದ ಪೆಟ್ಟಿಗೆಯಿಂದ ತಕ್ಕಡಿಯನ್ನು ತೆಗೆಸಿ, ಸೀರಿಯಲ್ ನಂಬರನ್ನು ಕಾಗದದ ಮೇಲಿನ ನಂಬರಿಗೆ ಒಂದೊಂದೇ ಅಂಕಿಯಾಗಿ ಹೋಲಿಸಿದರು.

"ಪ್ಲಗ್ ಹಾಕಿ."

"ಕೆಟ್ಟಿದೆ ಸಾರ್."

"ಹಾಗಂತ ನೀವು ಹೇಳ್ತೀರಿ. ನನ್ನತ್ರ ಬರೋರೆಲ್ಲ ಹಾಗೇ ಹೇಳೋದು. ಹಾಕ್ರಿ."

ಹಾಕಿದೆ. ಪರದೆಯ ಮೇಲೆ ಎಂಟುಗಳ ಸಾಲು ಮೂಡಿ ಮಾಯವಾಯಿತು. ನಂತರ 0.0000 ಎಂದು ಬಂದು ಅಲುಗಾಡದೆ ನಿಂತಿತು.

ಪುಟ್ಟಯ್ಯ ಕಿಟಕಿ ಬಿಟ್ಟು ಮುಂದೆ ಬಂದ. ಅವನ ಮುಖ ಅರಳಿತ್ತು.

"ನಿಮ್ಗೆ ಹೇಳೋಣ ಅಂತಿದ್ದೆ ಮೇಡಂ, ಅಷ್ಟರಲ್ಲಿ ಸಾಹೇಬ್ರು ಬಂದ್ಬಿಟ್ರು. ಒಳಗಡೆ ಕೂದಲಷ್ಟು ತೆಳ್ಳಗಿನ ತಂತಿ ಬಿಟ್ಕೊಂಡಿತ್ತು. ಐದು ದಿನ ಕೂತು ಬೆಸೆದೆ. ಕಾಸೇನೂ ಬೇಡ."

"ಪೆಟ್ಟಿಗೆ ಮಾಡಿ ಅಂದ್ರೆ ಬಿಚ್ಚಿದ್ರಾ? ಯಾರು ಕೇಳಿದ್ರು ನಿಮ್ಮನ್ನ?"

"ಯಾರ್ ಕೇಳ್ಬೇಕು? ನಲವತ್ತು ವರ್ಷದಲ್ಲಿ ನನ್ನ ಬೆಂಚಿಂದ ಯಾವ ಮೆಷೀನೂ ಹೆಣ ಆಗಿ ವಾಪಸ್ ಹೋಗಿಲ್ಲ."

ರೇವಣಸಿದ್ದಯ್ಯ ಪೆನ್ನಿನ ಮುಚ್ಚಳ ಹಾಕಿದರು. "ಚೆನ್ನಾಗಿದೆ ನಾಟಕ. ಓಡೋ ಮೆಷೀನಿಗೆ ಬದಲಿ ಯಾಕ್ರೀ? ಹಾಗಾದ್ರೆ ಆ ಪೆಟ್ಟಿಗೇಲಿರೋದು ಬದಲಿ ಅಲ್ಲ, ಬರೀ ಸೆಕೆಂಡ್ ಹ್ಯಾಂಡ್ ಮಾಲು. ಲೈಸೆನ್ಸ್ ತೋರ್ಸಿ."

"ಕೆಟ್ಟಿತ್ತು ಅಂತ ಕಂಪನೀನೇ ಬರೆದುಕೊಟ್ಟಿದೆ."

"ಆ ಪತ್ರಕ್ಕೆ ಬೆಲೆ ಕೊಟ್ಟೇ ನಾನಿನ್ನೂ ಇಲ್ಲಿ ನಿಂತಿರೋದು. ಕೇಳಿ. ಇದನ್ನ ನನ್ನ ಮುಂದೆ ಮುಗಿಸಿ, ಒಂದು ಬಂತು, ಒಂದು ಹೋಯ್ತು ಅಂತ ಬರೀತೀನಿ. ಇಲ್ಲಾಂದ್ರೆ ಆ ಪೆಟ್ಟಿಗೆ ನನ್ನ ಜೊತೆ ಬರುತ್ತೆ. ಎರಡು ಓಡೋ ತಕ್ಕಡಿ ಬಿಟ್ಟು ಹೋಗೋಕೆ ನಾನೇನು ಮದುವೆಗೆ ಉಡುಗೊರೆ ಕೊಡೋಕೆ ಬಂದಿಲ್ಲ."

"ಹತ್ತು ನಿಮಿಷ ಕೊಡಿ" ಎಂದೆ.

ಬೀರುವಿನಿಂದ ನೂರು ಗ್ರಾಂನ ಪ್ರಮಾಣ ಬಟ್ಟನ್ನು ಚಿಮಟದಲ್ಲಿ ಹಿಡಿದು ತಂದು ಐದು ಸಲ ತೂಗಿದೆ. ಐದು ಸಲವೂ ನಾಲ್ಕನೆಯ ದಶಮಾಂಶದಲ್ಲಿ ಒಂದಂಕಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಪುಟ್ಟಯ್ಯನ ಕೆಲಸ ಸರಿಯಾಗಿತ್ತು. ಅದು ಸರಿಯಾಗಿದೆ ಎಂದು ಬರೆದುಕೊಡುವ ಅಧಿಕಾರ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಬಿಚ್ಚುವಾಗ ಅವನು ಕಂಪನಿಯ ಸೀಲನ್ನು ಬ್ಲೇಡಿನಿಂದ ಹೆರೆದು ಹಾಕಿದ್ದ. ಶುಕ್ರವಾರ ಬರುವವರು ಮೊದಲು ನೋಡುವುದೇ ಅದನ್ನು.

"ಇದನ್ನೇ ಇಟ್ಕೊಳ್ಳಿ ಮೇಡಂ" ಎಂದ ಪುಟ್ಟಯ್ಯ. "ಅದನ್ನ ಕಳ್ಸಿಬಿಡಿ."

"ಇದಕ್ಕೆ ಸೀಲಿಲ್ಲ. ಪ್ರಮಾಣಪತ್ರ ಇಲ್ಲ."

"ಅವನ್ಯಾವನೋ ಬಿಚ್ಚಿ ಜೋಡ್ಸಿದ್ರೆ ರಿಫರ್ಬಿಶ್ಡು. ನಾನು ಬಿಚ್ಚಿ ಜೋಡ್ಸಿದ್ರೆ ಗುಜರಿ. ಅಲ್ವಾ?"

"ನೀವು ಸುಮ್ನೆ ಪೆಟ್ಟಿಗೆ ಮಾಡಿ ಕೊಟ್ಟಿದ್ರೆ ಇವತ್ತು ಈ ಮಾತೇ ಇರ್ತಿರ್ಲಿಲ್ಲ!" ನನ್ನ ದನಿ ಏರಿತ್ತು. ಪಕ್ಕದ ಕೋಣೆಯಲ್ಲಿ ನಮ್ಮ ಸಹಾಯಕಿ ಅಲಮೇಲು ಗಾಜಿನ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಬೇಗ ತೀರ್ಮಾನ ಮಾಡ್ಕೊಳ್ಳಿ" ಎಂದರು ರೇವಣಸಿದ್ದಯ್ಯ. "ಮನೆ ಜಗಳ ಆಮೇಲೆ ಆಡ್ಕೊಬಹುದು."

"ಅಲಮೇಲು, ಸುತ್ತಿಗೆ ತಗೊಂಡು ಬಾ" ಎಂದೆ.

ಪುಟ್ಟಯ್ಯ ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ತಡೆಯುತ್ತಾನೇನೋ ಎಂದುಕೊಂಡೆ. ತಡೆಯಲಿಲ್ಲ. ತಕ್ಕಡಿಯನ್ನು ನೆಲದ ಮೇಲೆ ಗೋಣಿಚೀಲ ಹಾಸಿ ಇಟ್ಟ. ನಾಲ್ಕು ಸ್ಕ್ರೂ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಮೇಲಿನ ತಟ್ಟೆ ಎತ್ತಿ, ಒಳಗೆ ಬೆರಳು ತೋರಿಸಿದ.

"ಇಲ್ಲಿ ಹೊಡೀರಿ. ಇದು ಹೋದ್ರೆ ನಾನು ಎಷ್ಟು ದಿನ ಕೂತ್ರೂ ಮೆಷೀನು ಏಳಲ್ಲ."

ಸ್ಕ್ರೂಗಳನ್ನು ತಕ್ಕಡಿಯೊಳಗೇ ಹಾಕಿ ಹೊರಗೆ ನಡೆದ. ಅವನು ಮೆಟ್ಟಿಲಿಳಿಯುವುದು ಕೇಳಿಸುತ್ತಿರುವಾಗಲೇ ನಾನು ಹೊಡೆದೆ.

"ಇನ್ನೊಂದು" ಎಂದರು ರೇವಣಸಿದ್ದಯ್ಯ. ಹೊಡೆದೆ. "ಗಾಜು?" ಗಾಳಿ ತಡೆಯುವ ಮೂರು ಬದಿಯ ಗಾಜುಗಳನ್ನೂ ಒಡೆದೆ. ಎರಡು ಚೂರು ಅವರ ಬೂಟಿನ ಹತ್ತಿರ ಹಾರಿ ಬಿದ್ದವು. ಅವರು ಕಾಲು ತೆಗೆಯಲಿಲ್ಲ. ಬಗ್ಗಿ ಎತ್ತಿಕೊಂಡೆ.

ನಾಶಪತ್ರದಲ್ಲಿ ತೂಕದ ಕಾಲಮ್ಮು ಖಾಲಿ ಇತ್ತು. "ತೂಗಿ ಬರೀಬೇಕು" ಎಂದರು. ಇಷ್ಟು ಭಾರ ತೂಗುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ. ಗೋಣಿಚೀಲದ ಬಾಯಿ ಕಟ್ಟಿ, ಹೊತ್ತು ಕೆಳಗಿಳಿದು, ರಸ್ತೆ ದಾಟಿ ನಾರಾಯಣಪ್ಪನವರ ದಿನಸಿ ಅಂಗಡಿಗೆ ಹೋದೆ. ಅವರು ತಕ್ಕಡಿಯ ಮೇಲಿದ್ದ ಬೆಲ್ಲದ ಅಚ್ಚುಗಳನ್ನು ಇಳಿಸಿದರು.

"ಏನಮ್ಮಾ ಇದು, ಹಳೇ ಕಬ್ಬಿಣವಾ?"

ನಾನು ಚೀಲವನ್ನು ತಕ್ಕಡಿಯ ಮೇಲಿಟ್ಟೆ. ಹಿಂದೆಯೇ ಬಂದಿದ್ದ ರೇವಣಸಿದ್ದಯ್ಯ ಚೀಲದ ತೂಕವನ್ನು ಬೇರೆಯಾಗಿ ಕಳೆಯಲು ಹೇಳಿದರು. ಮುಳ್ಳು ನಿಲ್ಲುವವರೆಗೆ ಕಾದು, ಬಗ್ಗಿ ನೋಡಿ, ಅಂಗಡಿಯ ಕಟ್ಟೆಯ ಮೇಲೆ ಕಾಗದವಿಟ್ಟು ಬರೆದರು. ನಾನು ಅದರ ಕೆಳಗೆ ಸಹಿ ಹಾಕಿದೆ: ಆರು ಕಿಲೋ ಮುನ್ನೂರ ಐವತ್ತು ಗ್ರಾಂ.