ನಾಲ್ಕು ಗಾಲಿಯ ಸ್ಕೂಟರು, ಎರಡು ಗಾಲಿಯ ಲೈಸೆನ್ಸು

ನಾನು ಒಂದು ಗೇರಿಲ್ಲದ ಸ್ಕೂಟರು. ಹುಟ್ಟುವಾಗ ನನಗಿದ್ದದ್ದು ಎರಡೇ ಗಾಲಿ. ಅಂಗಡಿಯ ಬಾಗಿಲಲ್ಲಿ ಅವುಗಳ ಕೆಳಗೆ ನಿಂಬೆಹಣ್ಣಿಟ್ಟು, ಹಾರ ಹಾಕಿ, ಬ್ಯಾಂಕಿನ ಗುಮಾಸ್ತನೊಬ್ಬನಿಗೆ ನನ್ನನ್ನು ಒಪ್ಪಿಸಿದರು. ಆಗಿನ ನನ್ನ ಜಂಬ ಕೇಳಬೇಕೆ! ಅವನು ಕಾರು ಕೊಂಡ ಮೇಲೆ ನನ್ನನ್ನು ದಾಕ್ಷಾಯಣಿಗೆ ಮಾರಿದ.

ದಾಕ್ಷಾಯಣಿ ಕುಬಸ ಹೊಲಿಯುವವಳು. ಸುತ್ತಲಿನ ಊರುಗಳ ಮದುವೆ ಮನೆಗಳಿಂದ ಬಟ್ಟೆ ತಂದು, ಹೊಲಿದು ಮುಟ್ಟಿಸುತ್ತಿದ್ದಳು. ಪೋಲಿಯೋದಿಂದ ಅವಳ ಎಡಗಾಲು ಕೂಸಿದ್ದಾಗಲೇ ಸೊರಗಿತ್ತು. ಹೋಗುವುದು ಬರುವುದು ತಮ್ಮ ಶಿವಪುತ್ರನ ಮೋಟಾರು ಸೈಕಲ್ಲಿನ ಹಿಂದೆ. ಅವನು ಎದ್ದಾಗ ಅವಳಿಗೆ ಬೆಳಗು, ಅವನ ಇಸ್ಪೀಟು ಮುಗಿದಾಗ ಸಂಜೆ.

ವೆಲ್ಡಿಂಗಿನ ಮಕ್ತುಮಸಾಬ ನನ್ನ ಹಿಂಗಾಲಿಯ ಎರಡೂ ಕಡೆ ಪುಟ್ಟ ಗಾಲಿ ಹಚ್ಚಿದ. ನಡೆಯಲು ಕಲಿಯುವ ಕೂಸಿನ ಬಂಡಿಯಂತೆ ಕಂಡೆ. ನಾಚಿಕೆಯಾಯಿತು. ಮೊದಲ ದಿನ ದಾಕ್ಷಾಯಣಿ ಕೆಲಸವೇನೂ ಇಲ್ಲದೆ, ಸುಮ್ಮನೆ ಕೆರೆಯ ತನಕ ಹೋಗಿ ತಿರುಗಿ ಬಂದಳು. ಯಾರನ್ನೂ ಕೇಳದೆ ಅವಳು ಹೋಗಿ ಬಂದದ್ದು ಅದೇ ಮೊದಲು. ಆಮೇಲೆ ನನಗೆ ನಾಚಿಕೆ ಎಲ್ಲಿಯದು?

ಆದರೆ ಲೈಸೆನ್ಸು ಬೇಕಲ್ಲ. ಸಾರಿಗೆ ಕಚೇರಿಯ ಕಿಟಕಿಯಿಂದಲೇ ಅಲ್ಲಿನ ಗುಮಾಸ್ತ ನನ್ನನ್ನು ನೋಡಿ ತಲೆಯಾಡಿಸಿದ.

“ಕಾಗದದಾಗ ಎರಡು ಗಾಲಿ, ನೆಲದ ಮ್ಯಾಲೆ ನಾಕು. ಮದಲ ಅಂಗವಿಕಲರ ವಿನಾಯಿತಿ ತಗೊಂಡು ಬರ್ರಿ.”

ವಿನಾಯಿತಿಯ ಮೇಜಿನಲ್ಲಿ ಇನ್ನೊಬ್ಬ ಕೂತಿದ್ದ. “ಮದಲ ಲೈಸೆನ್ಸ್ ತೋರಸ್ರಿ” ಎಂದ.

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ಆ ಕಚೇರಿಯಲ್ಲೇ ಹುಟ್ಟಿರಬೇಕು. ಚಳಿಗಾಲವೆಲ್ಲ ಅವಳು ಆ ಎರಡು ಮೇಜುಗಳ ನಡುವೆ ಕುಂಟಿದಳು.

ಉಪಾಯ ಹೇಳಿದವನು ಶಿವಪುತ್ರ. “ಪರೀಕ್ಷಾ ದಿನ ಅಷ್ಟ ಗಾಲಿ ಬಿಚ್ಚಸು, ಅಕ್ಕಾ. ಲೈಸೆನ್ಸ್ ಬಂದಮ್ಯಾಲೆ ಹಚ್ಚಿದರಾತು.”

“ಬ್ಯಾಡವ್ವ, ಬೀಳ್ತಿ” ಎಂದ ಮಕ್ತುಮಸಾಬ. ಅವಳು ಕೇಳಲಿಲ್ಲ.

ಮೈದಾನದಲ್ಲಿ ಸುಣ್ಣದಿಂದ ಎಂಟು ಬರೆದಿದ್ದರು. ಅದರ ಮೇಲೆ ಕಾಲೂರದೆ ಓಡಿಸಬೇಕು. ಶಿವಪುತ್ರ ಕನ್ನಡಿ ಸರಿಮಾಡುವ ನೆಪದಲ್ಲಿ ನನ್ನನ್ನು ಹಿಡಿದು ನಿಂತು, ಪರೀಕ್ಷೆ ಮಾಡುವ ಸಾಹೇಬರು ಕೈ ಬೀಸಿದೊಡನೆ ಬಿಟ್ಟ. ಅವಳ ಬೆವರಿಗೆ ನನ್ನ ಹಿಡಿಕೆ ತೊಯ್ದುಹೋಯಿತು. ವಾಲದಂತೆ ನಾನೂ ಮೈ ಬಿಗಿ ಹಿಡಿದೆ. ಹೇಗೋ ಎಂಟು ಮುಗಿಯಿತು. ತಮ್ಮ ಓಡಿಬಂದು ಹಿಡಿದುಕೊಂಡ. “ಶಾಬಾಸ್!” ಎಂದರು ಸಾಹೇಬರು.

ಗಾಲಿಗಳು ಮತ್ತೆ ಬಂದವು. ಮದುವೆಗಳ ಒಂದು ಸುಗ್ಗಿ ಚೆನ್ನಾಗಿಯೇ ಕಳೆಯಿತು. ಆಮೇಲೊಂದು ಮಧ್ಯಾಹ್ನ ಚೆಕ್‌ಪೋಸ್ಟಿನ ಪೊಲೀಸರು ಅವಳ ಲೈಸೆನ್ಸು ನೋಡಿದರು, ನನ್ನ ಗಾಲಿ ಎಣಿಸಿದರು, ನನ್ನನ್ನು ಹಿಡಿದು ಪಕ್ಕದ ಬಯಲಿಗೆ ನೂಕಿದರು.

ನನ್ನನ್ನು ಪರೀಕ್ಷಿಸಲು ಬಂದವರು ಅದೇ ಸಾಹೇಬರು. ದಾಕ್ಷಾಯಣಿ ಕೈಮುಗಿದು ವಿನಾಯಿತಿ ಕೇಳಿದಳು.

“ನನ್ನ ಕಣ್ಣಮುಂದನ ಎಂಟು ಹೊಡದೀರಲ್ಲ? ಕಾಲು ನೆಟ್ಟಗಿಲ್ಲಂತ ಈಗ ಹೇಳಿದ್ರ ಆವತ್ತಿನ ಲೈಸೆನ್ಸ್ ಸುಳ್ಳಾತು. ರದ್ದು ಮಾಡ್ಲೇನು?”

ಅವಳು ಸೀರೆಯ ನೆರಿಗೆ ಇಳಿಬಿಟ್ಟು ಆ ಕಾಲನ್ನು ಮುಚ್ಚಿಕೊಂಡಳು.

“ಎರಡು ಗಾಲಿ ಕಿತ್ತು ಗಾಡಿ ಒಯ್ರಿ” ಎಂದು ಸಾಹೇಬರು ಜೀಪು ಹತ್ತಿದರು. ಕಿತ್ತ ಮೇಲೆ ನಾನು ಅವಳಿಗೆ ಯಾವ ಉಪಯೋಗಕ್ಕೆ? ಅವಳು ನನ್ನ ಸೀಟನ್ನೊಮ್ಮೆ ಸೆರಗಿನಿಂದ ಒರೆಸಿ ಹೋದಳು. ನನಗೆ ಅಳಲು ಬಂದಿದ್ದರೆ ಅತ್ತುಬಿಡುತ್ತಿದ್ದೆ.

ಈಗ ನನ್ನ ಟೈರು ನೆಲಕ್ಕಂಟಿವೆ, ಸೀಟಿನೊಳಗೆ ಇಲಿ ಮರಿ ಹಾಕಿದೆ. ಹಿಡಿದು ತಂದ ಗಾಡಿಗಳೆಲ್ಲ ಇಲ್ಲಿ ಹೀಗೆಯೇ ಮುದಿಯಾಗುತ್ತವೆ. ನಿನ್ನೆ ಶಿವಪುತ್ರನ ಮೋಟಾರು ಸೈಕಲ್ಲು ಈ ದಾರಿಯಾಗಿ ಬಂತು. ಹಿಂದೆ ದಾಕ್ಷಾಯಣಿ, ತೊಡೆಯ ಮೇಲೆ ಕುಬಸದ ಚೀಲ. ಪೊಲೀಸ ಕೈ ಅಡ್ಡ ಹಿಡಿದು ಲೈಸೆನ್ಸು ಕೇಳಿದ. ಶಿವಪುತ್ರ ಹಲ್ಲು ಕಿರಿದ. ಅವನು ಈ ಜನ್ಮದಲ್ಲಿ ಲೈಸೆನ್ಸು ಮಾಡಿಸಿದವನೇ ಅಲ್ಲ.

“ಅಕ್ಕಾ, ನಿಂದು ತೋರಸು” ಎಂದ.

ಅವಳು ಚೀಲದಿಂದ ತನ್ನದನ್ನು ತೆಗೆದುಕೊಟ್ಟಳು. ಪೊಲೀಸ ಅದನ್ನು ಆಚೆ ಈಚೆ ತಿರುಗಿಸಿ ನೋಡಿ ನಕ್ಕ.

“ಇಬ್ಬರೊಳಗ ಒಬ್ಬರದಾರ ಐತಲ್ಲ. ಹೋಗ್ರಿ.”

ಶಿವಪುತ್ರ ಗಾಡಿ ಎಬ್ಬಿಸಿದ. ಅವಳು ನನ್ನ ಕಡೆ ನೋಡಲಿಲ್ಲ.