ಕೆಂಪಕ್ಕನ ತುಟಿಬಣ್ಣ

ಕೆಂಪಕ್ಕನಿಗಿಂತ ಮೊದಲು ಅವರ ತುಟಿ ವಾರ್ಡಿಗೆ ಬರುತ್ತದೆ ಎಂದು ನಮ್ಮ ಆಸ್ಪತ್ರೆಯಲ್ಲಿ ಒಂದು ಮಾತಿತ್ತು. ವಾರ್ಡಿನೆದುರು ಓಣಿಯ ಹಾಗೆ ಉದ್ದಕ್ಕೆ ಚಾಚಿದ ಕಾರಿಡಾರಿನ ಆ ತುದಿಯಲ್ಲಿ ಬಿಳಿಯ ಗೋಡೆ, ಬಿಳಿಯ ಪರದೆ, ಬಿಳಿಯ ಸಮವಸ್ತ್ರ ಎಲ್ಲವೂ ಒಂದರಲ್ಲೊಂದು ಕರಗಿಹೋಗಿರುವಾಗ, ದಾಳಿಂಬೆ ಕಾಳಿನಷ್ಟು ಕೆಂಪೊಂದು ಮಾತ್ರ ಮೆಲ್ಲನೆ ತೂಗುತ್ತಾ ಹತ್ತಿರವಾಗುತ್ತಿತ್ತು. ಆಮೇಲೆ ಎಡಗಾಲಿನ ಚಪ್ಪಲಿ ತುಸು ಎಳೆಯುವ ಸದ್ದು, ಅದರ ಹಿಂದೆಯೇ, "ಎಲ್ಲರೂ ನಿದ್ದೆ ಮಾಡಿದ್ರಾ? ಮಾಡಿದ್ರಿ" ಎಂಬ ದನಿ. ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಕೊಟ್ಟುಬಿಡುವುದು ಅವರ ಅಭ್ಯಾಸ. "ನೋವು ಕಡಿಮೆ ಆಯ್ತಾ? ಆಯ್ತು." ರೋಗಿಗೆ ಇಲ್ಲವೆನ್ನಲು ಎಡೆಯೇ ಇರುತ್ತಿರಲಿಲ್ಲ. ಎಷ್ಟೋ ಮಂದಿ ಬರೀ ಆ ದಾಕ್ಷಿಣ್ಯಕ್ಕೇ ಗುಣವಾಗಿ ಮನೆಗೆ ಹೋದರೆಂದು ನನ್ನ ಗುಮಾನಿ.

ಅವರು ಮೇಲಿನ ಮಹಡಿಯ ಶಸ್ತ್ರಚಿಕಿತ್ಸಾ ವಾರ್ಡಿನ ಹಿರಿಯ ದಾದಿ. ನಾನು ಕೆಳಗಿನ ಕಚೇರಿಯ ಗುಮಾಸ್ತ. ಕೆಂಪಕ್ಕ ಎಂಬುದು ರೋಗಿಗಳು ಇಟ್ಟ ಹೆಸರು. ಐವತ್ತು ದಾಟಿದ ಹೆಂಗಸು. ನರೆತ ಕೂದಲಿಗೆ ಬಣ್ಣವಿಲ್ಲ, ಮುಖಕ್ಕೆ ಪೌಡರಿಲ್ಲ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಆ ಗಂಜಿ ಹಾಕಿದ ಕೋಟಿನಲ್ಲಿ ಒಂದು ಸುಕ್ಕಿಗೂ ಜಾಗವಿಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆ ಆ ಒಂದು ಲಿಪ್‌ಸ್ಟಿಕ್ ಏಕೆಂಬುದು ಯಾರಿಗೂ ಬಗೆಹರಿಯದ ಒಗಟಾಗಿತ್ತು. ದಿನವೂ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿರುವಾಗ ಔಷಧಿ ಬೀರುವಿನ ಗಾಜಿನ ಮುಂದೆ ನಿಂತು, ಮೇಲೊಂದು ಸಲ ಕೆಳಗೊಂದು ಸಲ ಎಳೆದು, ರೋಗಿಗಳ ಜ್ವರ ಬರೆದಿಡುವ ಹಳೆಯ ಕಾಗದವೊಂದರ ಬೆನ್ನಿಗೆ ತುಟಿಯೊತ್ತಿ ಹೆಚ್ಚಾದದ್ದನ್ನು ತೆಗೆದು, ಒಳಗೆ ಕಾಲಿಡುತ್ತಿದ್ದರು. ಶಸ್ತ್ರಚಿಕಿತ್ಸೆಯಿರುವ ದಿನ ಇನ್ನೊಂದು ಸಲ ಎಳೆಯುತ್ತಿದ್ದರು.

ಊರ ಬಾಯಿಗೆ ಬೀಗ ಹಾಕಲಾದೀತೆ? ಶಸ್ತ್ರವೈದ್ಯರ ಮೇಲೆ ಕಣ್ಣಿಟ್ಟಿದ್ದಾರೆ ಎಂದರು ಕೆಲವರು. ಹೋದ ಪ್ರಾಯವನ್ನು ಹಿಡಿದೆಳೆಯುತ್ತಿದ್ದಾರೆ ಎಂದರು ಇನ್ನು ಕೆಲವರು. ಜೊತೆಯಲ್ಲಿ ವಾಸವಾಗಿದ್ದ ಅವರ ಸ್ವಂತ ಅಕ್ಕನೇ ಒಮ್ಮೆ ಊಟದ ಡಬ್ಬಿ ಕೊಡಲು ಬಂದಾಗ, "ಇವಳು ಹೊರಡೋದು ಆಸ್ಪತ್ರೆಗೋ ನಾಟಕಕ್ಕೋ ಅಂತ ಅಕ್ಕಪಕ್ಕದವರು ಕೇಳ್ತಾರೆ, ಏನು ಹೇಳ್ಲಿ?" ಎಂದು ನನ್ನೆದುರೇ ಮುಖ ಸಿಂಡರಿಸಿದ್ದರು. ಕೆಂಪಕ್ಕ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾ, "ನಾಟಕಕ್ಕೆ ಅಂತ ಹೇಳು. ಆಯ್ತಾ? ಆಯ್ತು" ಎಂದು ಮೆಟ್ಟಿಲೇರಿದರು. ನಾನೇನು ಸಾಚಾ ಅಲ್ಲ. ಮುಖ ನೋಡಿ ಮಣೆ ಹಾಕುವವರ ಸಾಲಿನಲ್ಲಿ ನಾನೂ ಕೂತವನೇ; ಅವರು ಹೋದ ಮೇಲೆ ಅಕ್ಕನ ಜೊತೆ ಸೇರಿ ಒಂದಿಷ್ಟು ನಕ್ಕವನೇ.

ರೋಗಿಗಳು ಮಾತ್ರ ಆ ಕೆಂಪನ್ನು ಬೇರೆಯೇ ರೀತಿ ಓದಿಕೊಂಡಿದ್ದರು. ಮಂಚ ಬಿಟ್ಟು ಹೊರಡುವವನು ಹೊಸದಾಗಿ ಬಂದವನಿಗೆ, ಬಿಸಿನೀರು ಯಾವ ನಲ್ಲಿಯಲ್ಲಿ ಬರುತ್ತದೆ ಎಂದು ತಿಳಿಸಿದ ಮೇಲೆ, ಇದನ್ನೂ ತಿಳಿಸಿಯೇ ಹೋಗುತ್ತಿದ್ದ: ಕೆಂಪಕ್ಕನ ತುಟಿ ಕೆಂಪಗಿದ್ದರೆ ಗಂಡಾಂತರವಿಲ್ಲ. ವೈದ್ಯರ ಮಾತನ್ನು ಅರ್ಧ ನಂಬುವವರು ಇದನ್ನು ಪೂರ್ತಿ ನಂಬುತ್ತಿದ್ದರು.

ಹೀಗಿರುವಾಗ ಹೊಸ ಆಡಳಿತಾಧಿಕಾರಿಯೊಬ್ಬರು ಬಂದರು. ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ಕರ್ತವ್ಯದ ವೇಳೆ ಸಿಬ್ಬಂದಿ ಯಾವ ಬಗೆಯ ಅಲಂಕಾರವನ್ನೂ ಮಾಡಿಕೊಳ್ಳತಕ್ಕದ್ದಲ್ಲ ಎಂಬ ಸುತ್ತೋಲೆ ಹೊರಟಿತು. ಟೈಪ್ ಮಾಡಿದವನು ನಾನೇ. ಮರುದಿನ ಬೆಳಿಗ್ಗೆ ಕೆಂಪಕ್ಕ ನನ್ನ ಮೇಜಿನ ಮುಂದೆ ನಿಂತು, ಲಿಪ್‌ಸ್ಟಿಕ್ಕಿನ ಕೊಳವೆಯನ್ನು ಕಾಗದಗಳ ಮೇಲಿಟ್ಟು, "ಇದು ನಿಮ್ಮ ಹತ್ರಾನೇ ಇರ್ಲಿ. ನನ್ನ ಜೇಬಿನಲ್ಲಿದ್ರೆ ಕೈ ಕೇಳಲ್ಲ" ಎಂದರು. ಆ ತುಟಿಗಳನ್ನು ಬರಿದಾಗಿ ನಾನು ನೋಡಿದ್ದು ಅದೇ ಮೊದಲು. ಸುಣ್ಣದ ಗೋಡೆಯ ಹಾಗೆ ಬಿಳುಚಿಕೊಂಡಿದ್ದವು. ವಯಸ್ಸಾಯಿತು ಪಾಪ, ಎಂದುಕೊಂಡೆ.

ಅಂದು ವಾರ್ಡಿನಲ್ಲಿ ಒಬ್ಬ ಗಡಿಯಾರ ರಿಪೇರಿಯವರಿದ್ದರು. ಕರುಳು ತಿರುಚಿಕೊಂಡು ಹಿಂದಿನ ಸಂಜೆ ಸೇರಿದ್ದರು; ಹತ್ತು ಗಂಟೆಗೆ ಶಸ್ತ್ರಚಿಕಿತ್ಸೆ. ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದ್ದರು. ಪಕ್ಕದ ಮಂಚದವರು ಹೊಸಬರಿಗೆ ಹೇಳಬೇಕಾದದ್ದನ್ನೆಲ್ಲ ರಾತ್ರಿಯೇ ಹೇಳಿ ಮುಗಿಸಿದ್ದರು. ಎಂಟಕ್ಕೆ ಕೆಂಪಕ್ಕ ಬಂದರು. ಇಡೀ ವಾರ್ಡು ಅವರ ಬರಿದಾದ ತುಟಿಯನ್ನೇ ನೋಡಿತು. ಗಡಿಯಾರದವರು ಸಹಿ ಹಾಕಿದ ಕಾಗದವನ್ನು ವಾಪಸು ಕೇಳಿ ಇಸಿದುಕೊಂಡು ಎರಡು ತುಂಡು ಮಾಡಿದರು.

"ನಂಗೆ ಎಲ್ಲಾ ಗೊತ್ತಾಯ್ತು. ನೀವು ಮುಚ್ಚಿಡ್ತಿದ್ದೀರಿ. ಸಾಯೋದಾದ್ರೆ ಮನೇಲೇ ಸಾಯ್ತೀನಿ, ಹೊಲಿಗೆ ಹಾಕಿಸ್ಕೊಂಡು ಯಾಕೆ ಸಾಯ್ಲಿ?"

ಅವರ ಹೆಂಡತಿ ಕಾಲು ಹಿಡಿದುಕೊಂಡು ಅತ್ತರು. ಮಧ್ಯಾಹ್ನ ದಾಟಿದರೆ ಕರುಳು ಕೊಳೆಯುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಶಸ್ತ್ರವೈದ್ಯರು ಗದರಿದರು. ಆಸಾಮಿ ಜಪ್ಪಯ್ಯ ಅನ್ನಲಿಲ್ಲ. ಒಂಬತ್ತೂವರೆಗೆ ಮೇಲಿನಿಂದ ನನಗೆ ಫೋನು ಬಂತು. "ನನ್ನ ಸಾಮಾನು ತಗೊಂಡು ಬರ್ತೀರಾ? ಬರ್ತೀರಿ." ಸುತ್ತೋಲೆಯ ನಕಲು ನನ್ನ ಕಣ್ಣೆದುರಿಗೇ ಗೋಡೆಯ ಮೇಲಿತ್ತು. ನಾನು ಕೊಳವೆಯನ್ನು ಜೇಬಿಗೆ ಹಾಕಿಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದೆ.

ಬಣ್ಣ ಹಚ್ಚಿಕೊಂಡು ನಗುತ್ತಾ ಹೋಗಿ ಸಮಾಧಾನ ಹೇಳುತ್ತಾರೆ ಎಂದು ನಾನು ಊಹಿಸಿದ್ದೆ. ಅವರು ಹಾಗೆ ಮಾಡಲಿಲ್ಲ. ಬಿಳುಚಿದ ತುಟಿಯಲ್ಲೇ ಹೋಗಿ ಗಡಿಯಾರದವರ ಮಂಚದ ಅಂಚಿನಲ್ಲಿ ಕೂತರು. ರೋಗಿಯ ಹಾಸಿಗೆಯ ಮೇಲೆ ಅವರು ಕೂತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಸರಿಯಾಗಿ ನೋಡಿ. ನಂಗೆ ಹೆದರಿಕೆ ಆದ್ರೆ ತುಟಿ ಹೀಗೆ ಬೆಳ್ಳಗಾಗತ್ತೆ. ಹುಟ್ಟುಗುಣ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ಬ ಅಜ್ಜಿ ನನ್ನ ಮುಖ ನೋಡಿ, ನಿಂಗೇ ಇಷ್ಟು ಭಯ ಆಗಿದ್ರೆ ನಾನು ಉಳಿಯಲ್ಲ ಬಿಡು ಮಗಳೇ ಅಂದ್ರು. ಅದೇ ಯೋಚನೆಯಲ್ಲೇ ಒಳಗೆ ಹೋದ್ರು. ಅವರು ವಾಪಸ್ ಬರ್ಲಿಲ್ಲ. ಮಾರನೇ ದಿನ ಈ ಬಣ್ಣ ತಂದೆ."

ಗಡಿಯಾರದವರು ಹರಿದ ಕಾಗದದ ತುಂಡುಗಳನ್ನು ಪಕ್ಕಕ್ಕಿಟ್ಟರು.

"ಇದು ಇವತ್ತು ನಿಮಗೋಸ್ಕರ ಬೆಳ್ಳಗಾದದ್ದಲ್ಲ. ಇಪ್ಪತ್ತೆಂಟು ವರ್ಷದಿಂದ ಪ್ರತಿ ಆಪರೇಷನ್ನಿಗೂ ಹೀಗೇ. ಆ ಮೂಲೆ ಮಂಚದವರು ಹೋದ ವಾರ ನಡ್ಕೊಂಡು ಮನೆಗೆ ಹೋದ್ರಲ್ಲ, ಅವರ ದಿನಾನೂ ಹೀಗೇ ಇತ್ತು. ಕಾಣ್ತಿರ್ಲಿಲ್ಲ, ಅಷ್ಟೇ."

ಅವರ ಮಾತಿನ ಕೊನೆಗೆ ಇವತ್ತು ಪ್ರಶ್ನೆಯೂ ಇರಲಿಲ್ಲ, ಉತ್ತರವೂ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಕಡೆಗೆ ಗಡಿಯಾರದವರು, "ಇಷ್ಟು ವರ್ಷ ಹೆದರ್ಕೊಂಡೇ ಕೆಲಸ ಮಾಡಿದ್ರಾ ತಾಯಿ?" ಎಂದರು. ಕೆಂಪಕ್ಕ ಹೌದೆಂದು ತಲೆಯಾಡಿಸಿದರು. "ಹಾಗಾದ್ರೆ ಹಚ್ಕೊಂಡು ಬನ್ನಿ. ನಂಗೆ ಗೊತ್ತಿದ್ರೆ ಸಾಕು, ಉಳಿದವರು ಯಾಕೆ ನೋಡ್ಬೇಕು? ಆಮೇಲೆ ಹೋಗೋಣ."

ಬೀರುವಿನ ಗಾಜಿನ ಮುಂದೆ ಕೆಂಪಕ್ಕ ಎಳೆದ ಬಣ್ಣ ತುಟಿಯಂಚು ದಾಟಿತು. ಗಡಿಯಾರದವರ ಹೆಂಡತಿ ಎದ್ದು ಬಂದು, ಕಣ್ಣೊರೆಸಿಕೊಳ್ಳುತ್ತಿದ್ದ ಅದೇ ಕರವಸ್ತ್ರದ ತುದಿಯಿಂದ ಅದನ್ನು ಒರೆಸಿ ನೇರ ಮಾಡಿದರು. ನಾನು ಹೊಸ ಒಪ್ಪಿಗೆ ಪತ್ರ ತರಲು ಓಡಿದೆ. ಹತ್ತೂಕಾಲಿಗೆ ಗಡಿಯಾರದವರನ್ನು ಒಳಗೆ ಕರೆದೊಯ್ದರು. ಹನ್ನೆರಡು ದಿನಗಳ ನಂತರ, ವಾರ್ಡಿನ ಗೋಡೆಗಡಿಯಾರ ಏಳು ನಿಮಿಷ ಹಿಂದಿದೆಯೆಂದು ಬೈದು, ಸರಿಮಾಡಿಕೊಟ್ಟು, ಅವರು ಮನೆಗೆ ಹೋದರು.

ಸುತ್ತೋಲೆ ಮುರಿದದ್ದಕ್ಕೆ ಕೆಂಪಕ್ಕನಿಂದ ವಿವರಣೆ ಕೇಳಲಾಯಿತು. ಅವರು ಬರೆದು ಕೊಟ್ಟದ್ದು ಇಷ್ಟೇ: "ಹಚ್ಚಿಕೊಂಡಿದ್ದೇನೆ. ಮುಂದೆಯೂ ಹಚ್ಚಿಕೊಳ್ಳುತ್ತೇನೆ. ಕಾರಣ: ಭಯ." ಆಡಳಿತಾಧಿಕಾರಿಗಳು ಅದನ್ನು ಓದಿ, ನನ್ನನ್ನು ಕರೆದು ನಡೆದದ್ದನ್ನು ಕೇಳಿ, ಕಡತವನ್ನು ತಮ್ಮ ಬೀರುವಿನಲ್ಲೇ ಇಟ್ಟುಕೊಂಡರು. ಸುತ್ತೋಲೆಯನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ಯಾರೂ ಮತ್ತೆ ಅದರ ಮಾತೆತ್ತಲಿಲ್ಲ. ಕೆಂಪಕ್ಕನ ಬೆನ್ನ ಹಿಂದೆ ನಕ್ಕದ್ದನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ.

ಅವರು ನಿವೃತ್ತರಾಗಿ ಎರಡು ವರ್ಷವಾದ ಮೇಲೆ ಪಿತ್ತಕೋಶದ ಕಲ್ಲಿಗಾಗಿ ನಾನೇ ಆ ವಾರ್ಡಿನ ಮಂಚದ ಮೇಲೆ ಮಲಗಿದೆ. ಬೆಳಿಗ್ಗೆ ಎಂಟಕ್ಕೆ, ಯಾರು ಹೇಳಿದರೋ ಏನೋ, ಓಣಿಯ ತುದಿಯಲ್ಲಿ ಆ ಕೆಂಪು ಕಾಣಿಸಿತು. ಎಡಗಾಲಿನ ಚಪ್ಪಲಿ ಎಳೆಯಿತು. ಹತ್ತಿರ ಬಂದು ನಿಂತು, "ಹೆದರಿಕೆ ಆಗಿದೆಯಾ? ಆಗಿಲ್ಲ" ಎಂದರು. ಆ ಬಣ್ಣದ ಕೆಳಗೆ ಏನಿದೆಯೆಂದು ಬಲ್ಲವನು ನಾನು. ಶಸ್ತ್ರಚಿಕಿತ್ಸೆಯ ದಿನಗಳ ಹಾಗೆ ಅಂದೂ ಇನ್ನೊಂದು ಸಲ ಎಳೆದಿದ್ದರೆಂಬುದನ್ನೂ ಕಂಡೆ. ಹಾಗಿದ್ದೂ ನನ್ನ ಎದೆ ತಣ್ಣಗಾಯಿತು.

ಕನ್ನಡಿಯ ಮುಂದೆ ನಿಂತವರೆಲ್ಲ ತಮ್ಮನ್ನು ತೋರಿಸಿಕೊಳ್ಳಲೆಂದೇ ನಿಂತಿರುತ್ತಾರೆಂದು ನಾವು ತಿಳಿಯುತ್ತೇವೆ. ತಮ್ಮ ಭಯ ಇನ್ನೊಬ್ಬರ ಕಣ್ಣಿಗೆ ಬೀಳದಿರಲೆಂದು ಅಲ್ಲಿ ನಿಲ್ಲುವವರೂ ಇದ್ದಾರೆ. ಅಂಥವರನ್ನು ಲೋಕ ಸೋಗಿನವರೆನ್ನುತ್ತದೆ, ಅವರು ಹೌದೆಂದು ಒಪ್ಪಿಕೊಂಡು ಮೆಟ್ಟಿಲೇರುತ್ತಾರೆ. ಲೋಕವೇ ಒಂದು ದಿನ ಮಂಚದ ಮೇಲೆ ಅಂಗಾತ ಮಲಗಿದಾಗ, ಅವರು ಬಂದರೇ ಎಂದು ಓಣಿಯ ಕಡೆಗೆ ಕತ್ತು ಹೊರಳಿಸುತ್ತದೆ.